ಚಪ್ಪರದ ನೆರಳು, ಗಾಮಾ ಸ್ಫೋಟದ ದಿಕ್ಕು

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯ ಮದುವೆ ಮನೆಗಳಲ್ಲಿ ಮಡಲಿನ ಚಪ್ಪರದಡಿ ಕುಳಿತವರು ಅಂಗಳದ ಮೇಲೆ ಚೆಲ್ಲಿದ ಬಿಸಿಲಿನ ಚುಕ್ಕೆಗಳನ್ನು ಕಂಡಿರುತ್ತೀರಿ. ಹೊತ್ತು ಏರಿದಂತೆ ಅವು ಜಾಗ ಬದಲಿಸುತ್ತವೆ. ಎಷ್ಟು ಸರಿದಿವೆ ಎಂಬುದನ್ನು ನೋಡಿಯೇ, ತಲೆ ಎತ್ತದೆ, ಸೂರ್ಯನಿರುವ ಕಡೆಯನ್ನು ಹೇಳಬಹುದು. ದೂರದ ಬಾಹ್ಯಾಕಾಶದಿಂದ ಸ್ವಲ್ಪ ಹೊತ್ತು ಚಿಮ್ಮಿಬರುವ ಅತಿ ಶಕ್ತಿಯುತ ಕಿರಣಗಳ ಹೊಳಪು, ಅಂದರೆ ಗಾಮಾ ಕಿರಣ ಸ್ಫೋಟಗಳ ದಿಕ್ಕನ್ನು ಉಪಗ್ರಹಗಳು ಗುರುತಿಸುವ ಒಂದು ಮುಖ್ಯ ವಿಧಾನವೂ ಇದೇ.

ಗಾಮಾ ಕಿರಣಗಳು ಸಾಮಾನ್ಯ ಕನ್ನಡಿಗೆ ಮಣಿಯುವುದಿಲ್ಲ, ಅದನ್ನು ತೂರಿಯೇ ಹೋಗುತ್ತವೆ. ಮೇಲಾಗಿ ವಾತಾವರಣವು ಅವುಗಳನ್ನು ಹೀರಿಕೊಳ್ಳುವುದರಿಂದ ಉಪಕರಣವನ್ನು ಬಾಹ್ಯಾಕಾಶಕ್ಕೇ ಒಯ್ಯಬೇಕು. 2004ರ ನವೆಂಬರಿನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹದ ದೂರದರ್ಶಕದಲ್ಲಿ ಸಾವಿರಾರು ಸೀಸದ ಬಿಲ್ಲೆಗಳನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಕೂರಿಸಿದ ಒಂದು ಛಾವಣಿಯಿದೆ. ಬಿಲ್ಲೆಗಳು ಸಾಲಾಗಿದ್ದರೆ ಬೇರೆ ಬೇರೆ ದಿಕ್ಕುಗಳ ನೆರಳುಗಳು ಒಂದೇ ರೀತಿ ಕಾಣುತ್ತಿದ್ದವು. ಕೆಳಗಿರುವ, ಗಾಮಾ ಕಿರಣಗಳನ್ನು ಗುರುತಿಸುವ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಹರಳುಗಳ ಮೇಲೆ ಬಿದ್ದ ನೆರಳನ್ನು ಗಣಕವು ತಾಳೆ ನೋಡಿ ದಿಕ್ಕನ್ನು ಲೆಕ್ಕಹಾಕುತ್ತದೆ. ಉಪಗ್ರಹವು ನಿಮಿಷ ಒಂದೆರಡರಲ್ಲಿ ಆ ಕಡೆಗೆ ತಿರುಗಿ, ಸ್ಫೋಟದ ಬೆನ್ನಿಗೇ ಉಳಿಯುವ ಮಂದ ಎಕ್ಸ್‌ರೇ ಹೊಳಪನ್ನು ಹಿಡಿಯುತ್ತದೆ.

ಮೊದಲಿಗೆ ಇಂಥ ಅನುಕೂಲವಿರಲಿಲ್ಲ. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕವು ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಇಂಥದೊಂದು ಸ್ಫೋಟವನ್ನು ದಾಖಲಿಸಿದವು. ಮುಂದೆ ಒಂದೇ ಸ್ಫೋಟವು ಬೇರೆ ಬೇರೆ ವೇಲಾಗಳನ್ನು ಮುಟ್ಟಿದ ಸಮಯದ ಅಂತರದಿಂದ, ಇದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲವೆಂದು ತಿಳಿಯಿತು. ಅದು ಪ್ರಕಟವಾದದ್ದು 1973ರಲ್ಲಿ. ಬಾಂಬ್ ಹುಡುಕಲು ಹೋದವರಿಗೆ ನಕ್ಷತ್ರಗಳ ಸಾವು ಸಿಕ್ಕಿತ್ತು!

ನಮ್ಮ ದೇಶವೂ ಈ ಬೇಟೆಗೆ ಇಳಿಯಿತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, ವಿಶ್ವಕಿರಣಗಳ ಸಂಶೋಧನೆಯಿಂದ ವಿಜ್ಞಾನ ಜೀವನವನ್ನು ಆರಂಭಿಸಿದ ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1992ರಲ್ಲಿ ಹಾರಿದ ಸ್ರಾಸ್-ಸಿ ಉಪಗ್ರಹವು ಗಾಮಾ ಸ್ಫೋಟ ಶೋಧಕವನ್ನು ಹೊತ್ತಿತ್ತು. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಇನ್ನೂ ಸ್ವಾರಸ್ಯಕರ. ಅದರ ಹರಳುಗಳ ಉಪಕರಣಕ್ಕೂ ರಂಧ್ರದ ಛಾವಣಿಯಿದೆ. ಆದರೆ ಸುಮಾರು 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ದಾಟಿದ ಕಿರಣಗಳು ಪೆಟ್ಟಿಗೆಯ ಗೋಡೆಯನ್ನೇ ಭೇದಿಸಿ ಒಳಬರುವುದರಿಂದ, ಬದಿಯಲ್ಲಿ ಸಂಭವಿಸಿದ ಸ್ಫೋಟಗಳೂ ಅದಕ್ಕೆ ಸಿಗುತ್ತವೆ. ಒಂದು ಹರಳಿನಿಂದ ಪಕ್ಕದ್ದಕ್ಕೆ ಚದುರಿದ ಕಿರಣಗಳನ್ನು ಎಣಿಸಿ ಧ್ರುವೀಕರಣವನ್ನು, ಅಂದರೆ ಅಲೆಗಳು ಯಾವ ಕಡೆಗೆ ತೂಗುತ್ತವೆ ಎಂಬುದನ್ನು, ಅಳೆಯಲೂ ಬರುತ್ತದೆ.

ಸ್ಫೋಟವು 2 ಸೆಕೆಂಡಿಗಿಂತ ಚಿಕ್ಕದಾದರೆ ನ್ಯೂಟ್ರಾನ್ ನಕ್ಷತ್ರಗಳ (ಸತ್ತ ನಕ್ಷತ್ರಗಳ ಅತಿ ದಟ್ಟ ತಿರುಳುಗಳ) ಡಿಕ್ಕಿ, ದೀರ್ಘವಾದರೆ ಬೃಹತ್ ನಕ್ಷತ್ರದ ಕುಸಿತ ಎಂದು ವರ್ಗೀಕರಿಸುವುದು ವಾಡಿಕೆ. ಗಡಿಯಾರವನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ ಎಂಬುದು ನನ್ನ ಅಭಿಪ್ರಾಯ. 2021ರ ಡಿಸೆಂಬರ್ 11ರ ಸ್ಫೋಟವು ಹೆಚ್ಚುಕಡಿಮೆ ಒಂದು ನಿಮಿಷ ಉರಿಯಿತು. ಆದರೆ ಸ್ವಿಫ್ಟ್ ದಿಕ್ಕು ತೋರಿಸಿದ್ದರಿಂದ ನೆಲದ ಮೇಲಿನ ದೂರದರ್ಶಕಗಳು ಅತ್ತ ತಿರುಗಿ ನೋಡಿದಾಗ, ಅಲ್ಲಿ ಕಂಡದ್ದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ ಹುಟ್ಟುವ ಭಾರವಾದ ಧಾತುಗಳ ಕೆಂಪು ಹೊಳಪು.