ಒಂದು ಚುಕ್ಕಿ, ಒಂಬತ್ತು ಗುಂಟೆ

ಕೇಳುಗರಿಗೆ ನಮಸ್ಕಾರ.

ಪೈರು ಹಳದಿಯಾದ ಮೇಲೆ ಅದಕ್ಕೇನೋ ಆಗಿದೆ ಅಂತ ಯಾರು ಬೇಕಾದರೂ ಹೇಳಬಹುದು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇನ್ನೂ ಹಸಿರಾಗಿ ಕಾಣುವಾಗಲೇ ಅದರ ಸಂಕಟ ಗೊತ್ತಾಗುತ್ತದೆಯೇ? ಎಷ್ಟೋ ಸಲ ಗೊತ್ತಾಗುತ್ತದೆ, ಅದೂ ಆಕಾಶದಿಂದ. ಅದು ಹೇಗೆ ಅಂತ ಇವತ್ತು ನೋಡೋಣ.

ಎಲೆ ತನ್ನ ಊಟಕ್ಕಾಗಿ ಕೆಂಪು ಬೆಳಕನ್ನು ನುಂಗುತ್ತದೆ. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿದೆ. ಅದನ್ನು ಎಲೆ ಜೋರಾಗಿ ವಾಪಸ್ ಎಸೆಯುತ್ತದೆ. ಇವೆರಡರ ನಡುವೆ, ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ ಸುಮಾರು 680ರಿಂದ 750 ನ್ಯಾನೋಮೀಟರ್ ಒಳಗೆ, ಪ್ರತಿಫಲನ ಗಕ್ಕನೆ ಏರುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ಕಡಿಮೆಯಾಗುತ್ತಾ ಬಂದಂತೆ ಆ ಏರು ಕೆಲವೇ ನ್ಯಾನೋಮೀಟರ್‌ನಷ್ಟು ಪಕ್ಕಕ್ಕೆ ಸರಿಯುತ್ತದೆ. ಅಷ್ಟೇ ಸುಳಿವು. ಸಾಮಾನ್ಯ ಉಪಗ್ರಹಗಳು ಬೆಳಕನ್ನು ಹತ್ತು ಹನ್ನೆರಡು ಅಗಲವಾದ ಪಟ್ಟಿಗಳಾಗಿ ನೋಡುತ್ತವೆ. ಈ ಸಣ್ಣ ಜರುಗುವಿಕೆ ಅವುಗಳ ಕೈಗೆ ಸಿಗುವುದು ಕಷ್ಟ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದೇ ಬೆಳಕನ್ನು 200ಕ್ಕೂ ಜಾಸ್ತಿ ಸಣ್ಣ ಪಟ್ಟಿಗಳಾಗಿ ಸೀಳುತ್ತದೆ. ಆಗ ಚಿತ್ರದ ಪ್ರತಿ ಚುಕ್ಕಿಯಲ್ಲೂ, ಯಾವ ಪಟ್ಟಿಯ ಬೆಳಕು ಎಷ್ಟು ವಾಪಸ್ ಬಂತು ಅಂತ ತೋರಿಸುವ ಒಂದು ಪೂರ್ತಿ ಗೆರೆ ಸಿಗುತ್ತದೆ. ಆ ಗೆರೆಯ ಏರಿಳಿತ ನೋಡಿ ಇದು ಜೇಡಿಮಣ್ಣು, ಇದು ಸುಣ್ಣಕಲ್ಲು, ಇದು ಕಬ್ಬಿಣದ ತುಕ್ಕು ಬೆರೆತ ಕೆಂಪು ನೆಲ ಅಂತ ಬಿಡಿಸಿ ಹೇಳಬಹುದು. ಜೇಡಿಮಣ್ಣಿನ ಗುರುತು 2200 ನ್ಯಾನೋಮೀಟರ್ ಆಸುಪಾಸಿನಲ್ಲಿದೆ, ಸುಣ್ಣಕಲ್ಲಿನದು 2340ರ ಹತ್ತಿರ.

ಆದರೆ ಇದು ಬಿಟ್ಟಿಯಾಗಿ ಬರುವುದಿಲ್ಲ. ಉಪಗ್ರಹದ ನೆರಳು ನೆಲದ ಮೇಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ಓಡುತ್ತಿರುತ್ತದೆ ಅಂದುಕೊಳ್ಳಿ. 30 ಮೀಟರ್ ಜಾಗವನ್ನು ದಾಟಲು ಒಂದು ಸೆಕೆಂಡಿನ 200ನೇ ಒಂದು ಪಾಲೂ ಬೇಕಾಗಿಲ್ಲ. ಅಷ್ಟರಲ್ಲಿ ಸಿಕ್ಕಿದ ಬೆಳಕನ್ನು ಮತ್ತೆ 200 ಪಾಲು ಮಾಡಬೇಕು. ಒಂದೊಂದು ಪಟ್ಟಿಗೆ ಸಿಗುವುದು ಚಿಟಿಕೆಯಷ್ಟು. ಅದಕ್ಕೇ ಚುಕ್ಕಿಯನ್ನು ದೊಡ್ಡದಾಗಿ ಇಟ್ಟುಕೊಳ್ಳುತ್ತಾರೆ. 2000ನೇ ಇಸವಿಯಲ್ಲಿ ನಾಸಾ ಹಾರಿಸಿದ ಇಂಥದೇ ಕ್ಯಾಮೆರಾ ಹೈಪೀರಿಯನ್, 2019ರ ಇಟಲಿಯ ಪ್ರಿಸ್ಮಾ, 2022ರ ಜರ್ಮನಿಯ ಎನ್‌ಮ್ಯಾಪ್, ಇವೆಲ್ಲದರಲ್ಲೂ ಒಂದು ಚುಕ್ಕಿ ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ.

9 ಗುಂಟೆಯಲ್ಲಿ ಏನೇನು ಇರಬಹುದು, ಸ್ವಲ್ಪ ಯೋಚಿಸಿ. ಚಿಕ್ಕಮಗಳೂರಿನ ಒಂದು ಕಾಫಿ ತೋಟ ತಗೊಳ್ಳಿ. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಒಂದು ಹಲಸು, ಕೆಳಗೆ ಕಾಫಿ, ಅದರ ಕೆಳಗೆ ತರಗೆಲೆ. ಇಷ್ಟೂ ಸೇರಿ ಒಂದೇ ಗೆರೆ! ಅದರಲ್ಲೂ ಕ್ಯಾಮೆರಾಗೆ ಹೆಚ್ಚಾಗಿ ಕಾಣುವುದು ಮೇಲಿನ ನೆರಳುಮರವೇ ಹೊರತು ಕಾಫಿ ಗಿಡವಲ್ಲ. ‘ಉಪಗ್ರಹ ನಿಮ್ಮ ಗಿಡದ ರೋಗ ಹೇಳಿಬಿಡುತ್ತೆ’ ಅನ್ನುವ ಜಾಹೀರಾತನ್ನು ನಾನು ಸುಮ್ನೆ ನಂಬುವುದಿಲ್ಲ. ಒಂದೇ ಬೆಳೆಯ ದೊಡ್ಡ ಬಯಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಲೆನಾಡಿನ ತೋಟದಲ್ಲಿ ಕಷ್ಟ. ಮಳೆಗಾಲದಲ್ಲಂತೂ ಕೇಳಲೇಬೇಡಿ, ಮೋಡದ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹಾಗಾದರೆ ಇದು ಗೆದ್ದಿರುವುದೆಲ್ಲಿ? ಬರಡು ನೆಲದಲ್ಲಿ. 2022ರ ಜುಲೈನಲ್ಲಿ ನಾಸಾ ಎಮಿಟ್ ಅನ್ನುವ ಉಪಕರಣವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. 285 ಪಟ್ಟಿ, 60 ಮೀಟರಿನ ಚುಕ್ಕಿ. ಹೋದದ್ದು ಧೂಳಿನ ಕೆಲಸಕ್ಕೆ. ಮರುಭೂಮಿಯಿಂದ ಏಳುವ ಧೂಳಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಅದು ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿ ಮಾಡುತ್ತದೆ. ತಿಳಿಬಣ್ಣದ ಧೂಳು ಬಿಸಿಲನ್ನು ಹಿಂದಕ್ಕೆ ಕಳಿಸಿ ತಂಪು ಮಾಡುತ್ತದೆ. ಯಾವ ಮರುಭೂಮಿಯಲ್ಲಿ ಯಾವ ಖನಿಜ ಎಷ್ಟಿದೆ ಅನ್ನುವುದಕ್ಕೆ ಅಲ್ಲಿಯವರೆಗೆ ವಿಜ್ಞಾನಿಗಳ ಹತ್ತಿರ ಇದ್ದದ್ದು 5,000ಕ್ಕಿಂತ ಕಡಿಮೆ ಜಾಗಗಳ ಮಣ್ಣಿನ ಮಾಹಿತಿ. ಅದೂ ಇಡೀ ಭೂಮಿಗೆ!

ಆ ಕೆಲಸದ ಜೊತೆಗೆ ಇನ್ನೊಂದೂ ಸಿಕ್ಕಿತು. ಮೀಥೇನ್ ಅನಿಲ 2300 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಹೀರುತ್ತದೆ, ಎಮಿಟ್ ನೋಡುವ ಬೆಳಕಿನಲ್ಲಿ ಅದೂ ಸೇರಿದೆ. ಕೆಲವೇ ತಿಂಗಳಲ್ಲಿ ಮಧ್ಯ ಏಷ್ಯಾ, ಮಧ್ಯಪ್ರಾಚ್ಯ, ಅಮೆರಿಕದಲ್ಲಿ 50ಕ್ಕೂ ಹೆಚ್ಚು ದೊಡ್ಡ ಸೋರಿಕೆಗಳು ಚಿತ್ರದಲ್ಲಿ ಮೂಡಿದವು. ತುರ್ಕಮೆನಿಸ್ತಾನದ ಹಜಾರ್ ಊರಿನ ಪೂರ್ವಕ್ಕೆ, ತೈಲ ಮತ್ತು ಅನಿಲ ಘಟಕಗಳಿಂದ 12 ಅನಿಲದ ಬಾಲಗಳು. ಕೆಲವು 32 ಕಿಲೋಮೀಟರಿಗಿಂತ ಉದ್ದ. ಟೆಹರಾನ್ ಹತ್ತಿರದ ಕಸದ ಗುಡ್ಡೆಯಿಂದ ಎದ್ದದ್ದು ಸುಮಾರು 5 ಕಿಲೋಮೀಟರ್. ಬಣ್ಣವಿಲ್ಲದ, ಕಣ್ಣಿಗೆ ಕಾಣದ ಅನಿಲ ಇದು!

ಭಾರತವೂ ಈ ದಾರಿಯಲ್ಲಿ ಹೊಸಬನಲ್ಲ. 2008ರ ಏಪ್ರಿಲ್‌ನಲ್ಲಿ ಇಸ್ರೋ ಹಾರಿಸಿದ ಐಎಂಎಸ್-1ರಲ್ಲಿ 64 ಪಟ್ಟಿಗಳ ಕ್ಯಾಮೆರಾ ಇತ್ತು. ಅದೇ ವರ್ಷ ಚಂದ್ರಯಾನ-1ರ ಜೊತೆ ಹೋದ ನಾಸಾದ ಎಂ-3 ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಕುರುಹು ಹಿಡಿದದ್ದೂ ಬೆಳಕನ್ನು ಹೀಗೆ ಸೀಳಿಯೇ. 2018ರ ನವೆಂಬರ್ 29ರಂದು ಶ್ರೀಹರಿಕೋಟದಿಂದ ಇಸ್ರೋದ ಹೈಪರ್‌ಸ್ಪೆಕ್ಟ್ರಲ್ ಉಪಗ್ರಹ ಹೈಸಿಸ್ ಮೇಲೇರಿತು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಫೈರ್‌ಫ್ಲೈ ಸರಣಿಯ ಮೊದಲ ಮೂರು ಉಪಗ್ರಹಗಳನ್ನು ಹಾರಿಸಿತು. ಅವುಗಳ ಚುಕ್ಕಿ 5 ಮೀಟರ್, ಅಂದರೆ ಕಾಲು ಗುಂಟೆ. ದೊಡ್ಡ ಜಿಗಿತ ಇದು. ಆದರೆ ಅವು ನೋಡುವುದು ಕಣ್ಣಿಗೆ ಕಾಣುವ ಬೆಳಕು ಮತ್ತು ಅದರ ಪಕ್ಕದ ಅವಕೆಂಪು ಮಾತ್ರ. ಪೈರಿಗೆ ಅದು ಸಾಕು. ಜೇಡಿಮಣ್ಣು, ಮೀಥೇನ್ ಹುಡುಕುವವರು 2300 ನ್ಯಾನೋಮೀಟರ್‌ವರೆಗೂ ಹೋಗಲೇಬೇಕು. ಎಲ್ಲವೂ ಒಂದೇ ಕ್ಯಾಮೆರಾದಲ್ಲಿ ಸಿಗುವುದಿಲ್ಲ, ಏನು ಮಾಡೋದು!

ಎಮಿಟ್, ಎನ್‌ಮ್ಯಾಪ್ ಚಿತ್ರಗಳು ಹೆಸರು ನೋಂದಾಯಿಸಿಕೊಂಡ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಭೂವಿಜ್ಞಾನ, ಕೃಷಿ ಓದುತ್ತಿರುವ ಮಕ್ಕಳು ಈ ಮಾತು ಕೇಳುತ್ತಿದ್ದರೆ, ನಿಮ್ಮ ತಾಲ್ಲೂಕಿನ ಚಿತ್ರ ಇದೆಯಾ ಅಂತ ಹುಡುಕಿ ನೋಡಿ. ಜನವರಿ, ಫೆಬ್ರುವರಿಯ ಮೋಡವಿಲ್ಲದ ಚಿತ್ರಗಳಿಂದ ಶುರು ಮಾಡಿ. ಫೈಲು ದೊಡ್ಡದಿರುತ್ತದೆ, ತಾಳ್ಮೆ ಇರಲಿ. ಆಮೇಲೆ ಚಿತ್ರದಲ್ಲಿ ಯಾವ ಚುಕ್ಕಿ ಅರ್ಥವಾಗಲಿಲ್ಲವೋ ಆ ಹೊಲಕ್ಕೇ ಹೋಗಿ, ಅಲ್ಲಿ ಏನಿದೆ ಅಂತ ಬರೆದಿಟ್ಟುಕೊಳ್ಳಿ. ಉಪಗ್ರಹ ಹಾರಿಸುವವರೂ ಮಾಡುವುದು ಇದನ್ನೇ.

ನಮಸ್ಕಾರ.