ಒಂದು ಚಾಕ್‌ಪೀಸು, ಒಂದು ಹಿಡಿ ಹುಣಸೆ ಬೀಜ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ನಮ್ಮ ಬಡಾವಣೆಯ ಈ ಪುಟ್ಟ ಹಾಲ್ ತುಂಬಿದೆ ಅಂದರೆ ಮನೆಯಲ್ಲಿ ಮಕ್ಕಳ ಗಲಾಟೆ ಶುರುವಾಗಿದೆ ಅಂತಲೇ ಅರ್ಥ, ಅಲ್ವಾ?

ಏಪ್ರಿಲ್ 10ಕ್ಕೆ ರಿಸಲ್ಟ್ ಕೊಟ್ಟು ಬಾಗಿಲು ಹಾಕಿದರೆ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಒಂದೂವರೆ ತಿಂಗಳಿಗೂ ಜಾಸ್ತಿ. ಮೊದಲ ಮೂರು ದಿನ ಮಕ್ಕಳು ಖುಷಿಯಾಗಿರುತ್ತಾರೆ. ನಾಲ್ಕನೇ ದಿನ 'ಬೋರ್' ಅನ್ನುತ್ತಾರೆ. ಐದನೇ ದಿನ ನಾವು ಮೊಬೈಲ್ ಕೊಟ್ಟುಬಿಡುತ್ತೇವೆ.

ನಾನು ಬಹಳ ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಆದರೂ ಹೋದ ಬೇಸಿಗೆಯಲ್ಲಿ ಮೊಮ್ಮಗಳನ್ನು ನಾಲ್ಕು ಸಾವಿರ ಕೊಟ್ಟು ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದೆ. ಹತ್ತು ದಿನ ಆದ ಮೇಲೆ ಚೆಂದದ ಫೋಟೋ ಫ್ರೇಮ್ ತಂದಳು. 'ನೀನೇ ಮಾಡಿದ್ದಾ?' ಅಂದೆ. 'ಇಲ್ಲ ಅಜ್ಜಿ, ಮಿಸ್ ಮಾಡಿದ್ರು. ನಾನು ಗಮ್ ಹಿಡ್ಕೊಂಡಿದ್ದೆ' ಅಂದಳು. ಎಲ್ಲ ಶಿಬಿರಗಳೂ ಹೀಗೇ ಅನ್ನುತ್ತಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥವೂ ಇವೆ, ಅಲ್ಲಿ ಮಕ್ಕಳೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಾರೆ. ಆದರೆ ನನ್ನ ನಾಲ್ಕು ಸಾವಿರ ಹೋಗಿದ್ದು ಗಮ್ ಹಿಡಿದುಕೊಳ್ಳುವುದಕ್ಕೆ.

ಆಮೇಲೆ ಯೋಚನೆ ಮಾಡಿದೆ. ಆ ದುಡ್ಡು ನಾನು ಕೊಟ್ಟಿದ್ದು ಯಾಕೆ? ಮನೆ ಗಲೀಜಾಗಬಾರದು ಅಂತ. ನೆಲದ ಮೇಲೆ ಗೆರೆ, ಮಂಚದ ಕೆಳಗೆ ಬೀಜ, ಮಧ್ಯಾಹ್ನ ಮಲಗಿದಾಗ ಕೂಗಾಟ, ಇದು ಯಾವುದೂ ಬೇಡ ಅಂತ. ಮಕ್ಕಳ ಆಟಕ್ಕೆ ಖರ್ಚು ಕಮ್ಮಿ ಮಾಡಬೇಕು ಅಂದರೆ ಇದನ್ನೆಲ್ಲ ಒಂದಷ್ಟು ತಡೆದುಕೊಳ್ಳಬೇಕು. ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದು ಅದನ್ನು ಮಾಡುವುದು ಹೇಗೆ ಅನ್ನುವ ಮಾತು.

ಈಗ ಹುಣಸೆ ಬೀಜ. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಬೀಜ ಬಿಸಾಡಬೇಡಿ, ತೊಳೆದು ಒಣಗಿಸಿಡಿ. ನಾಲ್ಕು ಬೀಜ ತೆಗೆದುಕೊಂಡು ಒಂದೊಂದರ ಒಂದು ಮಗ್ಗುಲನ್ನು ಸಿಮೆಂಟ್ ಮೆಟ್ಟಿಲ ಮೇಲೆ ತಿಕ್ಕಲು ಹೇಳಿ. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣಬೇಕು. ಅರ್ಧ ಗಂಟೆ ಇದರಲ್ಲೇ ಹೋಗುತ್ತದೆ, ಯಾಕಂದರೆ ಜೋರಾಗಿ ತಿಕ್ಕಿದರೆ ಬೀಜ ಸುಡುತ್ತದೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಪಕ್ಕದವರ ತೋಳಿಗೆ 'ಚುರ್' ಅಂತ ಇಡುತ್ತಾರೆ. ನಾವೂ ಇಟ್ಟವರೇ, ಸುಮ್ನೆ ಈಗ ಬೈಯಬೇಡಿ.

ಕವಡೆ ಇಲ್ಲದ ಮನೆಯಲ್ಲಿ ಚೌಕಾಬಾರಕ್ಕೆ ಕವಡೆ ಇದೇ. ಚಾಕ್‌ಪೀಸಿನಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಕಡೆಯ ನಡುಮನೆಗೆ, ಆಮೇಲೆ ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ. ಅವು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಕಡಲೆಕಾಯಿ ಸಿಪ್ಪೆ, ಒಬ್ಬರಿಗೆ ಗುಂಡಿ, ಏನಾದರೂ ಆಗುತ್ತದೆ. ಬೀಜ ಎಸೆದಾಗ ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ 8. ಆಟದ ಹೆಸರೇ ಅದು. ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಮಧ್ಯದ ಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು.

ಒಂದು ಮಾತು. ಮೊದಲ ಆಟ ನೀವೂ ಕೂತು ಆಡಿ. ಎರಡನೇ ಆಟಕ್ಕೆ ಎದ್ದು ಹೋಗಿ. ನಿಯಮದ ಜಗಳ ಬಂದೇ ಬರುತ್ತದೆ. ತೀರ್ಪು ಕೊಡಲು ಓಡಬೇಡಿ. ಒಂದೊಂದು ಮನೆಯಲ್ಲಿ ಒಂದೊಂದು ನಿಯಮ, ಅದನ್ನು ಕೂತು ಕಟ್ಟಿಕೊಳ್ಳುವುದೂ ಅವರ ಆಟದ ಭಾಗವೇ.

ಉಳಿದ ಬೀಜಕ್ಕೆ ಅಳಿಗುಳಿಮಣೆ. ಮರದ ಮಣೆ ಕೊಳ್ಳಲು ಅಂಗಡಿಗೆ ಹೋಗಬೇಕಿಲ್ಲ, ತಾರಸಿಯಲ್ಲಿ ಏಳೇಳರ ಎರಡು ಸಾಲು ಸೊನ್ನೆ ಬರೆದರೆ ಸಾಕು. ಹಂಪಿಗೆ ಹೋದವರು ಮಂಟಪದ ಕಲ್ಲುಹಾಸಿನ ಮೇಲೆ ಇಂಥ ಆಟಗಳ ಮನೆ ಕೊರೆದಿರುವುದನ್ನು ನೋಡಿರಬಹುದು. ತುಳುನಾಡಿನಲ್ಲಿ ಇದು ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಆಡುವ ಆಟ. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಅನ್ನುತ್ತಾರೆ. ತುಳುವಿನ ಜನಪದ ಹಾಡುಕತೆ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಅನ್ನುವ ಅವಳಿ ಹುಡುಗಿಯರು ಚೆನ್ನೆ ಆಡುತ್ತಲೇ ಜಗಳಕ್ಕೆ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಈ ಕತೆ ಹೇಳಿ ನೋಡಿ, ಮಕ್ಕಳು ಬೀಜ ಕೈಯಲ್ಲಿ ಹಿಡಿದೇ ಕೂತುಬಿಡುತ್ತಾರೆ. ಹಾಂ, ಆಟಕ್ಕೆ ಗುಲಗಂಜಿ ಮಾತ್ರ ಕೊಡಬೇಡಿ. ನೋಡಲು ಚೆಂದ, ಅಗಿದರೆ ವಿಷ.

ಇನ್ನೊಂದು ಆಟಕ್ಕೆ ಬೀಜವೂ ಬೇಡ. ಏಪ್ರಿಲ್ 24 ಇಲ್ಲವೇ 25ಕ್ಕೆ ನಮ್ಮ ಬೆಂಗಳೂರಿನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಳಿಗ್ಗೆ ತಾರಸಿಯಲ್ಲಿ ಒಂದು ಉದ್ದ ಸ್ಟೀಲ್ ಲೋಟ ಬೋರಲು ಹಾಕಿ. ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಮಾಡಲಿ. ನೆರಳು ಗಿಡ್ಡ ಆಗುತ್ತಾ ಆಗುತ್ತಾ ಬಂದು ಕೊನೆಗೆ ಲೋಟದ ಅಡಿಗೇ ಸೇರಿಕೊಳ್ಳುತ್ತದೆ. ಸುತ್ತ ಎಲ್ಲೂ ಕಾಣುವುದಿಲ್ಲ. ನಮ್ಮ ಹುಡುಗಿ ಲೋಟ ಎತ್ತಿ ಒಳಗೆ ಹುಡುಕಿದಳು! ಇದು ವರ್ಷಕ್ಕೆ ಎರಡೇ ಸಲ, ಇನ್ನೊಂದು ಆಗಸ್ಟ್ 18ರ ಸುಮಾರಿಗೆ, ಆಗ ಮೋಡ ಅಡ್ಡ ಬರುವುದೇ ಜಾಸ್ತಿ. ಊರು ಉತ್ತರಕ್ಕೆ ಹೋದಷ್ಟೂ ದಿನ ಮುಂದಕ್ಕೆ ಹೋಗುತ್ತದೆ, ಹುಬ್ಬಳ್ಳಿ ಧಾರವಾಡದಲ್ಲಿ ಮೇ ಮೊದಲ ವಾರ. ಅಲ್ಲಿ ಅತ್ತೆ ಮನೆಯೋ ಚಿಕ್ಕಮ್ಮನ ಮನೆಯೋ ಇದ್ದರೆ ಅಲ್ಲಿನ ಮಕ್ಕಳೂ ಲೋಟ ಇಟ್ಟು ನೋಡಲಿ. ಯಾಕೆ ಬೇರೆ ದಿನ ಅಂತ ಫೋನಿನಲ್ಲಿ ಅವರವರೇ ಮಾತಾಡಿಕೊಳ್ಳಲಿ. ಮಕ್ಕಳ ತಲೆಗೆ ಟೋಪಿ ಇರಲಿ, ಸೂರ್ಯನನ್ನೇ ನೇರ ನೋಡುವುದು ಬೇಡ.

ಬಿಸಿಲು ಜಾಸ್ತಿ ಅನ್ನುವವರಿಗೆ ಗ್ರಂಥಾಲಯ ಇದೆ. ಆಸ್ತಿ ತೆರಿಗೆ ಕಟ್ಟುವಾಗಲೇ ಅದರ ಮೇಲೆ ಶೇಕಡಾ 6 ಗ್ರಂಥಾಲಯ ಸೆಸ್ ಅಂತ ಕಟ್ಟಿರುತ್ತೇವೆ. ದುಡ್ಡು ಆಗಲೇ ಕಟ್ಟಿಯಾಗಿದೆ, ಹೋಗಿ ಕೂರುವುದಷ್ಟೇ ಬಾಕಿ. ರಜಾಕ್ಕೆ ಮಕ್ಕಳನ್ನು ಹಳ್ಳಿಗೆ ಕಳಿಸುವವರು ಅಲ್ಲಿನ ಪಂಚಾಯಿತಿ ಗ್ರಂಥಾಲಯ ವಿಚಾರಿಸಿ, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಸಂಡಿಗೆ ಇಡುವವರು ಯಾರಾದರೂ ಇದ್ದೀರಾ? ಕೈ ಎತ್ತಿ. ನೋಡಿ, ಮೂರೇ ಜನ! ಕಾಗೆ ಓಡಿಸಲು ಒಂದು ಕೋಲು, ಒಂದು ಹಳೇ ಛತ್ರಿ ಕೊಟ್ಟು ಮಕ್ಕಳನ್ನು ಕಾವಲಿಗೆ ಕೂರಿಸಿ. ಅರ್ಧ ಒಣಗಿದ ಸಂಡಿಗೆ ಕಾಗೆಗಿಂತ ಕಾವಲುಗಾರರೇ ಜಾಸ್ತಿ ತಿನ್ನುತ್ತಾರೆ, ಆ ಲೆಕ್ಕದಲ್ಲೇ ಎರಡು ಸೇರು ಹೆಚ್ಚು ಇಡಬೇಕು.

ಬಾಗಿಲ ಹತ್ತಿರದ ಟೇಬಲ್ ಮೇಲೆ ಒಂದು ಡಬ್ಬಿ ಹುಣಸೆ ಬೀಜ ಇಟ್ಟಿದ್ದೇನೆ. ಹೋಗುವಾಗ ಒಬ್ಬೊಬ್ಬರು ಒಂದು ಹಿಡಿ ತೆಗೆದುಕೊಳ್ಳಿ. ಚಾಕ್‌ಪೀಸು ಮಾತ್ರ ನೀವೇ ತಂದುಕೊಳ್ಳಬೇಕು, ನಮ್ಮ ಮನೆಯದು ಖಾಲಿಯಾಗಿದೆ.