ಮುತ್ಯಾನ ಕಟ್ಟೆ ಮತ್ತು ತಾಲ್ಲೂಕು ದವಾಖಾನೆ

ಕೇಳುಗರೇ, ನಮಸ್ಕಾರ.

ಚಿಂಚೋಳಿ ಕಡೆಯ ತಾಂಡಾ ಇರಲಿ, ಔರಾದ ಕಡೆಯ ಹಳ್ಳಿ ಇರಲಿ, ಮೈಗೆ ಆರಾಮಿಲ್ಲ ಅಂದರೆ ಎಷ್ಟೋ ಜನ ಮೊದಲು ಹೋಗುವುದು ಬೇರು, ಸೊಪ್ಪು ಗೊತ್ತಿರುವ ಮುತ್ಯಾನ ಹತ್ತಿರ. ಇಲ್ಲವೇ ಸೂಲಗಿತ್ತಿ ಆಯಿಯ ಹತ್ತಿರ. ನಡುರಾತ್ರಿ ಬಾಗಿಲು ಬಡಿದರೂ ಇವರು ಎದ್ದು ಬರುತ್ತಾರೆ. ಫೀಸು ಅಂತ ಕೇಳುವವರು ಕಡಿಮೆ. ಒಂದು ತೆಂಗಿನಕಾಯಿ, ರಾಶಿ ಆದಮೇಲೆ ಒಂದಿಷ್ಟು ಜೋಳ ಕೊಟ್ಟರೆ ಆಯಿತು.

ಊರಿನ ಅಭಿವೃದ್ಧಿ ಅಂದ ಕೂಡಲೇ ನಾವು ಸಿ.ಸಿ. ರಸ್ತೆ, ಚರಂಡಿ, ನೀರಿನ ಟಾಕಿ ಎಣಿಸುತ್ತೇವೆ. ಊರೇ ನಂಬಿರುವ ಈ ಮನುಷ್ಯರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರ ಮಾತಿಗಿರುವ ಬೆಲೆಯನ್ನು ಊರಿನ ಆರೋಗ್ಯದ ಕೆಲಸಕ್ಕೆ ಬಳಸಿಕೊಳ್ಳಬೇಕು ಅನ್ನುವುದು ನನ್ನ ವಾದ.

ಹಾವು ಕಡಿತವನ್ನೇ ನೋಡಿ. ಮಳೆಗಾಲ ಬಂತೆಂದರೆ ಹೊಲದಲ್ಲಿ ಈ ಭಯ ಜಾಸ್ತಿ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಹಾಗಾದರೆ ಬೇರು ತೇದು ಕುಡಿಸಿದಾಗ ಕೆಲವರು ಬದುಕಿದ್ದು ಸುಳ್ಳಾ? ಸುಳ್ಳಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಬಹುಪಾಲಿಗೆ ವಿಷವೇ ಇಲ್ಲ. ನಾಗರಹಾವು ಕೂಡ ಕೆಲವು ಸಲ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ಅಂಥವನು ಏನೂ ಕುಡಿಸದಿದ್ದರೂ ಬದುಕುತ್ತಿದ್ದ. ಹೆಸರು ಮಾತ್ರ ಬೇರಿಗೆ ಬಂತು!

ಕಟ್ಟುಹಾವಿನದು ಬೇರೆ ಕಥೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಹೊತ್ತು ಕಳೆದ ಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಿಗೇ ಕುತ್ತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಮದ್ದು. ಕುದುರೆಯ ರಕ್ತದಿಂದ ತಯಾರಾಗುವ ಆ ಸೂಜಿಮದ್ದು ದವಾಖಾನೆಯಲ್ಲಿ ಸಿಗುತ್ತದೆ. ಕಡಿದ ಜಾಗವನ್ನು ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಕೈಕಾಲು ಅಲ್ಲಾಡಿಸದಂತೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದೆ.

ಇದನ್ನು ಆಶಾ ಕಾರ್ಯಕರ್ತೆ ಹತ್ತು ಸಲ ಹೇಳಬಹುದು. ಮುತ್ಯಾ ಒಂದೇ ಸಲ, "ಇದು ನನ್ನ ಕೈಲಿ ಆಗೂದಿಲ್ಲಪ್ಪಾ, ಮೊದಲು ಸೂಜಿ ಮಾಡಿಸ್ಕೊಂಡು ಬಾ" ಅಂದರೆ, ಮನೆಯವರು ಮರುಮಾತಿಲ್ಲದೆ ಗಾಡಿ ತೆಗೆಯುತ್ತಾರೆ. ಅದಕ್ಕೇ ಅವರನ್ನು ಬೈದು ದೂರ ಇಡಬೇಡಿ. ಬೈದರೆ ಕದ್ದು ಮದ್ದು ಕೊಡುತ್ತಾರೆ, ಅಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದು, ಡಾಕ್ಟರ ಎದುರು ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿ. ಕಾಮಣಿಗೂ, ಅಂದರೆ ಕಾಮಾಲೆಗೂ, ಇದೇ ಮಾತು. ನೆಲನೆಲ್ಲಿ ಕೊಡುವವರು ಕೊಡಲಿ. ಆದರೆ ರೋಗಿ ಬಡಬಡಿಸಿದರೆ, ರಕ್ತ ಕಾರಿದರೆ, ಅಥವಾ ಬಸುರಿಗೆ ಕಾಮಣಿ ಆದರೆ ಒಂದು ಗಳಿಗೆಯೂ ಕಾಯಬಾರದು.

ಇನ್ನು ಅವರ ತಿಳಿವಳಿಕೆ. 2002ರ ಜೀವವೈವಿಧ್ಯ ಕಾಯ್ದೆ ವೈದ್ಯರು, ಹಕೀಮರು ಎಂದು ಹೆಸರಿಸಿಯೇ ಅವರು ಮದ್ದಿಗೆ ಗಿಡಮೂಲಿಕೆ ಬಳಸುವುದಕ್ಕೆ ರಿಯಾಯಿತಿ ಕೊಟ್ಟಿದೆ. ಬೀದರ, ಕಲಬುರಗಿಯಲ್ಲಿ ಹಕೀಮರಿಗೇನು ಕೊರತೆ, ಅಲ್ವಾ? ಊರಿನ ಗಿಡಮರ ಮತ್ತು ಅವುಗಳ ಬಳಕೆಯನ್ನು ಜನರನ್ನೇ ಕೇಳಿ ಬರೆದಿಡುವ ದಾಖಲೆಯೂ ಆ ಕಾಯ್ದೆಯ ಪ್ರಕಾರವೇ ಆಗಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ತೆಗೆಸಿ ನೋಡಿ. ಮುತ್ಯಾನನ್ನು ಕೇಳದೆ ಬರೆದಿದ್ದರೆ ಮತ್ತೆ ಬರೆಸಿ.

ಚಿಂಚೋಳಿ ಕಾಡು 2011ರಲ್ಲಿ ವನ್ಯಧಾಮವಾಯಿತು. ಅಲ್ಲಿ ಮನಸ್ಸಿಗೆ ಬಂದಂತೆ ಬೇರು ಅಗೆಯುವಂತಿಲ್ಲ. ಅಗೆಯಲೂ ಬಾರದು. ಅಮೃತಬಳ್ಳಿ, ಲಕ್ಕಿ, ಆಡುಸೋಗೆ ಮೂರೂ ಕಡ್ಡಿ ನೆಟ್ಟರೆ ಬರುತ್ತವೆ. ಶಾಲೆಯ ಬೇಲಿಗೆ, ಗುಡಿಯ ಹಿಂದಿನ ಜಾಗಕ್ಕೆ ಈ ಮಳೆಗಾಲದಲ್ಲೇ ನೆಡಬಹುದು. ಕಡ್ಡಿ ಯಾವ ಗಿಡದಿಂದ ಮುರಿಯಬೇಕು ಅಂತ ಕೇಳುವುದಕ್ಕಾದರೂ ಮುತ್ಯಾನ ಕಟ್ಟೆಗೆ ಹೋಗಿ. ಹೋದಾಗ 108ರ ಮಾತನ್ನೂ ಆಡಿ ಬನ್ನಿ.

ನಮಸ್ಕಾರ.